ಬರೀತಾ ಇದೆ, ಸುಮ್ನಿರಿ

ಭದ್ರಾವತಿಯ ಜನ್ನಾಪುರದಲ್ಲಿ ಹಳೆ ಗಾಡಿಗಳ ಇಸಿಎಂ ಸರಿಮಾಡುವ ಅಕ್ಕ ಒಬ್ಬರಿದ್ದರು. ಎಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಹೋಗಬೇಕೆಂದು ತೀರ್ಮಾನಿಸುವ ಆ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅವರು ಬಳೆಗಳನ್ನು ತೆಗೆದು ಟಿಫಿನ್ ಡಬ್ಬಿಯೊಳಗೆ ಇಡುತ್ತಿದ್ದರು. ಲ್ಯಾಪ್‌ಟಾಪಿನಿಂದ ಹೊಸ ಪ್ರೋಗ್ರಾಂ ಅದರೊಳಗೆ ಇಳಿಯುವಾಗ ಯಾರು ಏನು ಕೇಳಿದರೂ ಒಂದೇ ಉತ್ತರ: "ಬರೀತಾ ಇದೆ, ಸುಮ್ನಿರಿ."

ಆಲ್ಕೊಳದ ಮಕ್ಕಳನ್ನು ಶಾಲೆಗೆ ಬಿಡುವ ನನ್ನ ವ್ಯಾನು ಕೆಟ್ಟು ನಿಂತಾಗ, ಈ ಪೆಟ್ಟಿಗೆ ಈಗ ಎಲ್ಲೂ ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದು ಶಿವಮೊಗ್ಗದಲ್ಲಿ ಎಲ್ಲರೂ ಕೈಚೆಲ್ಲಿದ್ದರು. ಭದ್ರಾವತಿಗೆ ಎಳೆಸಿಕೊಂಡು ಬಂದೆ. ಅಕ್ಕ ಪೆಟ್ಟಿಗೆ ಬಿಚ್ಚಿ, ಸೂಜಿಯಂಥ ಪಿನ್ನೊಂದನ್ನು ಬೋರ್ಡಿನ ಮೇಲಿನ ಸಾಸಿವೆಯಷ್ಟು ಚುಕ್ಕೆಗೆ ಒತ್ತಿ ಹಿಡಿದರು. ಬರೆದು ಮುಗಿಯುವವರೆಗೆ ಅದು ಕೂದಲೆಳೆಯಷ್ಟೂ ಜಾರುವಂತಿಲ್ಲ. ಜಾರಿದರೆ ಪೆಟ್ಟಿಗೆಯ ಕಥೆ ಮುಗಿದಂತೆ.

ಅರ್ಧ ಆಗಿತ್ತು. ಸೂರಿನಿಂದ ಒಂದು ಕಡಜದ ಹುಳು ಹಾರಿಬಂದು ಪಿನ್ನು ಹಿಡಿದಿದ್ದ ಅಕ್ಕನ ಬಳೆಯಿಲ್ಲದ ಮಣಿಕಟ್ಟಿನ ಮೇಲೆ ಕೂತಿತು.

"ಅಕ್ಕಾ, ಕಡಜ!" ಎಂದು ಓಡಿಸಲು ಕೈ ಎತ್ತಿದೆ.

"ಬರೀತಾ ಇದೆ, ಸುಮ್ನಿರಿ."

ಅದು ಕಚ್ಚಿತು. ಅಕ್ಕನ ಕಣ್ಣಲ್ಲಿ ನೀರು ತುಂಬಿತು, ಮಣಿಕಟ್ಟು ನನ್ನೆದುರೇ ಕೆಂಪಗೆ ಊದಿಕೊಳ್ಳತೊಡಗಿತು. ಪಿನ್ನು ಮಾತ್ರ ಅಲುಗಲಿಲ್ಲ. ಉಸಿರು ಬಿಡಲೂ ನನಗೆ ಹೆದರಿಕೆ.

ಕೊನೆಗೆ ಪರದೆಯ ಹಸಿರು ಗೆರೆ ಪೂರ್ತಿ ತುಂಬಿತು. ಅದೇ ಕೈಯಲ್ಲಿ ಪೆಟ್ಟಿಗೆಯನ್ನು ಗಾಡಿಗೆ ಜೋಡಿಸಿ, "ಕೀ ತಿರುಗ್ಸಿ ನೋಡಣ" ಎಂದರು. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಕಣ್ಣು ಮುಚ್ಚಿ ಅದರ ಸದ್ದನ್ನು ಒಂದು ಗಳಿಗೆ ಆಲಿಸಿದರು.

ಆಮೇಲೆ ಕೈ ಕೊಡವಿಕೊಂಡು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಅಯ್ಯಮ್ಮಾ! ಯಾರಾದ್ರೂ ಒಂಚೂರು ಸುಣ್ಣ ತಗೊಂಡ್ಬನ್ರಪ್ಪಾ!"