ನನ್ನನ್ನು ಬಸ್ಸಿನಿಂದ ಇಳಿಸಿದ ಏಕಾದಶಿ

ನಾನು ಮಾಡಿದ ಆಟದಿಂದ ಒಂದು ಮದುವೆ ಮುರಿದುಬಿತ್ತು ಎಂದು ನಮ್ಮ ನೆಂಟರೆಲ್ಲ ಹೇಳುತ್ತಾರೆ. ಕಂಬಂನಿಂದ ದಿಂಡಿಗಲ್ಲಿನವರೆಗೆ ಯಾರ ಮನೆಗೆ ಹೋದರೂ ಈ ಕಥೆ ನನಗಿಂತ ಮೊದಲೇ ಹೋಗಿ ಅಲ್ಲಿ ಕೂತಿರುತ್ತದೆ. ಇದು ಸುಳ್ಳು. ಮದುವೆ ನಡೆಯಿತು, ಆ ಹುಡುಗಿಗೆ ಈಗ ಒಂದು ಮಗುವೂ ಇದೆ. ಮುರಿದುಬಿದ್ದದ್ದು ಲಗ್ನಪತ್ರಿಕೆಯ ಆರ್ಡರು ಮಾತ್ರ. ೧೯೬೫ನೇ ಇಸವಿಯಲ್ಲಿ ನನಗೆ ಆದದ್ದು ಬೇರೆಯೇ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಮ್ಮದು ಮಧುರೈ ಜಿಲ್ಲೆಯ ಕಂಬಂ ಹತ್ತಿರದ ಒಂದು ಹಳ್ಳಿ, ಬೇಸಾಯದ ಮನೆ. ಎಷ್ಟೋ ತಲೆಮಾರುಗಳಿಂದ ಅಲ್ಲೇ ಇದ್ದೇವೆ. ಮನೆಯಲ್ಲಿ ಕನ್ನಡ ಮಾತು, ಶಾಲೆಯಲ್ಲಿ ತಮಿಳು ಪಾಠ. ಕನ್ನಡ ಅಕ್ಷರ ನಾನು ಕಲಿತದ್ದು ಆಮೇಲೆ, ಮೈಸೂರಿಗೆ ಟೀಚರ್ ಟ್ರೈನಿಂಗಿಗೆ ಬಂದು. ಆ ವರ್ಷ ಮಧುರೈಯಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿ ಮಾತಾಡು ಎಂದರೂ ಗೆಲ್ಲುತ್ತಿದ್ದೆ, ವಿರೋಧವಾಗಿ ಎಂದರೂ ಗೆಲ್ಲುತ್ತಿದ್ದೆ. ಅಮ್ಮ ಬಂದವರ ಮುಂದೆಲ್ಲ, "ಸಾರಿಗೆ ಉಪ್ಪು ಕಮ್ಮಿ ಅಂದ್ರೂ ನಮ್ಮ ಕೆಂಚು ಸಾಕ್ಷಿ ಕೇಳ್ತಾಳೆ" ಎನ್ನುತ್ತಿದ್ದಳು.

ಇನ್ನು ರಂಗಸಾಮಿ. ಅವನು ನನ್ನ ಸೋದರಮಾವನ ಮಗ. ನಮ್ಮಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ; ನಾನು ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು. ಕಂಬಂನಲ್ಲಿ ಒಂದು ಬಸ್ ಕಂಪನಿಯ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ. ಮಾತು ಕಡಿಮೆ. ಚಿತ್ರ ಬರೆಯುವ ಕೈ.

ನಮ್ಮ ಕಡೆ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ವೈಕುಂಠ ಏಕಾದಶಿಗೆ ಉಪವಾಸವಿದ್ದು ನಿದ್ದೆಗೆಡುತ್ತಾರೆ. ಕಣ್ಣು ಎಳೆಯದಿರಲೆಂದು ಪರಮಪದ ಆಡುತ್ತಾರೆ, ಅದೇ ಹಾವು ಏಣಿಯ ಆಟ. ಅದರ ಹಾಳೆಗಳನ್ನು ಅಚ್ಚು ಹಾಕಿ ಊರೂರಿಗೆ ಕಳಿಸುತ್ತಿದ್ದವರು ದಿಂಡಿಗಲ್ಲಿನ ಒಂದು ಪ್ರೆಸ್ಸಿನವರು. ರಂಗ ಹಿಂದಿನ ವರ್ಷ ಆ ಪ್ರೆಸ್ಸಿಗೆ ಒಂದು ಹೊಸ ಹಾಳೆ ಬರೆದುಕೊಟ್ಟಿದ್ದ. ಹಾವಿನ ಜಾಗದಲ್ಲಿ ಪಂಕ್ಚರು, ಏಣಿಯ ಜಾಗದಲ್ಲಿ ಖಾಲಿ ರಸ್ತೆ. ದಿಂಡಿಗಲ್ಲಿನಲ್ಲಿ ಹತ್ತಿ ಪೆರಿಯಕುಳಂ, ತೇನಿ ದಾಟಿ ಕಂಬಂನಲ್ಲಿ ಇಳಿಯಬೇಕು. ಹೆಸರು 'ಬಸ್ಸಾಟ'. ಅದು ಹಬ್ಬಿದ ರೀತಿ ಹೇಳಿದರೆ ನಂಬುವುದಿಲ್ಲ. ಗೂಡಂಗಡಿಗಳಲ್ಲಿ ಬಾಳೆಗೊನೆಯ ಪಕ್ಕದಲ್ಲಿ ಅದನ್ನು ನೇತುಹಾಕಿದ್ದರು. ನಾನು ಚರ್ಚಾಸ್ಪರ್ಧೆಯ ಪದಕ ತಗೊಂಡು ಊರಿಗೆ ಬಂದ ದಿನವೂ ಬಸ್ಸಿನಲ್ಲಿ ಪಕ್ಕದ ಹೆಂಗಸು ಕೇಳಿದ್ದು, "ನೀನು ಬಸ್ಸಾಟದ ರಂಗನ ಅತ್ತೆ ಮಗಳಲ್ವಾ?" ಎಂದು.

ನನಗೆ ಹೊಟ್ಟೆಕಿಚ್ಚು. ಹಾವು ತೆಗೆದು ಪಂಕ್ಚರು ಹಾಕಿದ್ದರಲ್ಲಿ ಏನು ಹೊಸತು? ದಾಳ ಬಿದ್ದ ಹಾಗೆ ಹೋಗುವುದೇ ತಾನೆ? ಈ ಪ್ರಶ್ನೆಯನ್ನು ಅವನಿಗೇ ಕೇಳಿದೆ. "ಹೌದು ಕೆಂಚು, ಹೊಸದೇನೂ ಇಲ್ಲೆ" ಎಂದು ನಕ್ಕ. ಒಪ್ಪಿಕೊಂಡುಬಿಡುವವನ ಜೊತೆ ಗೆಲ್ಲುವುದು ಹೇಗೆ?

ದಾಳವೇ ಇಲ್ಲದ ಆಟ ಮಾಡುತ್ತೇನೆ ಎಂದು ಹೊರಟೆ. ಹೆಸರು 'ಪಂಚಾಯ್ತಿ'. ಒಂದೊಂದು ಚೀಟಿಯಲ್ಲಿ ಒಂದೊಂದು ವ್ಯಾಜ್ಯ: ಒಬ್ಬನ ಎಮ್ಮೆ ಇನ್ನೊಬ್ಬನ ಹೊಲ ಮೇಯ್ದಿದೆ, ಬಾವಿ ಇಬ್ಬರದು, ನೀರು ಒಬ್ಬನೇ ತಗೊಳ್ಳುತ್ತಿದ್ದಾನೆ. ಇಬ್ಬರು ವಾದ ಮಾಡಬೇಕು, ಉಳಿದವರು ಕೈಯೆತ್ತಿ ತೀರ್ಪು ಕೊಡಬೇಕು. ಗೆದ್ದವನ ಕಾಯಿ ಮುಂದಕ್ಕೆ. ಹಣೆಬರಹಕ್ಕೆ ಜಾಗವಿಲ್ಲ, ಬಾಯಿಗೆ ಮಾತ್ರ ಜಾಗ. ಇಂಥದ್ದು ಎಲ್ಲೂ ಇರಲಿಲ್ಲ. ಈಗಲೂ ಹೇಳುತ್ತೇನೆ, ಎಲ್ಲೂ ಇರಲಿಲ್ಲ.

ಏಕಾದಶಿಗೆ ನಾಲ್ಕು ತಿಂಗಳಿರುವಾಗಲೇ, ಆವಣಿಯಲ್ಲಿ, ಅದನ್ನು ತೆಗೆದುಕೊಂಡು ದಿಂಡಿಗಲ್ಲಿಗೆ ಹೋದೆ. ಜೊತೆಗೆ ರಂಗನೂ ಬಂದ, ಅವನ ಬಗಲಲ್ಲಿ 'ಬಸ್ಸಾಟ'ದ ಎರಡನೇ ಭಾಗ. ಈ ಸಲ ಕಂಬಂನಿಂದ ಘಾಟಿ ಹತ್ತಿ ಕುಮುಳಿಗೆ. ಏಕಾದಶಿಗೆ ಪ್ರೆಸ್ಸು ಹಾಕುವುದು ಒಂದೇ ಹೊಸ ಆಟ. ಅವನದೋ ನನ್ನದೋ, ಅದು ಅಲ್ಲೇ ತೀರ್ಮಾನವಾಗಬೇಕಿತ್ತು.

ಪ್ರೆಸ್ಸಿನ ಯಜಮಾನರನ್ನು ಎಲ್ಲರೂ ಮೊದಲಾಳಿ ಎನ್ನುತ್ತಿದ್ದರು. ನಿಲಕ್ಕೋಟ್ಟೈ ಕಡೆಯವರು, ನಮ್ಮ ಭಾಷೆಯವರೇ. ಬೀಗದ ಲೇಬಲ್ಲು, ಹೊಗೆಸೊಪ್ಪಿನ ಪೊಟ್ಟಣ, ಲಗ್ನಪತ್ರಿಕೆ ಇವೇ ಅವರ ಅನ್ನ. ಆಟದ ವಿಷಯದಲ್ಲಿ ಅವರದೊಂದು ಪದ್ಧತಿ ಇತ್ತು. ಲಗ್ನಪತ್ರಿಕೆಯ ಪ್ರೂಫಿಗಾಗಿ ಕಾದು ಕೂತವರ ಮುಂದೆ ಹೊಸ ಆಟ ಹಾಸಿಬಿಡುವರು. ಆಡುತ್ತ ಆಡುತ್ತ ಪ್ರೂಫ್ ಕೇಳುವುದನ್ನೇ ಮರೆತರೆ ಆಟ ಪಾಸು. ನಡುವೆ "ಪ್ರೂಫ್ ಆಯ್ತಾ?" ಎಂದು ಕೇಳಿದರೆ ಫೇಲು.

ಆ ದಿನ ವೇದಸಂದೂರಿನಿಂದ ಹೆಣ್ಣಿನ ಅಪ್ಪ, ಗಂಡಿನ ಸೋದರಮಾವ, ಜೊತೆಗೆ ಎರಡೂ ಕಡೆಯ ನಾಲ್ಕು ಜನ ಬಂದಿದ್ದರು. ಮೊದಲು ರಂಗನ ಹಾಳೆ ಹಾಸಿದರು. ಘಾಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಗಂಡಿನ ಮಾವ ಆಕಳಿಸಿ, "ಮೊದಲಾಳಿ, ಪ್ರೂಫ್?" ಎಂದರು. ನನಗೆ ಒಳಗೊಳಗೇ ಹಬ್ಬ.

ಆಮೇಲೆ ನನ್ನದು. ಎಮ್ಮೆಯ ಚೀಟಿ ಬಂತು. ಹೆಣ್ಣಿನ ಅಪ್ಪ ಎಮ್ಮೆ ಕಡೆ, ಗಂಡಿನ ಮಾವ ಹೊಲದ ಕಡೆ. ಚೆನ್ನಾಗಿ ಶುರುವಾಯಿತು.

"ಬೇಲಿ ಹಾಕದೋನ ತಪ್ಪು ಸಾಮಿ. ಎಮ್ಮೆಗೇನು ಹೊಲದ ಪಟ್ಟಾ ಓದಾಕೆ ಬರುತ್ತಾ?"

"ನಿಮ್ಮೂರ ಎಮ್ಮೆ ಯಾವತ್ತೂ ಹಂಗೇ. ಕರೀದೆ ಬರ್ತದೆ, ಮುಗಿಯೋ ತನಕ ಎದ್ದು ಹೋಗಲ್ಲ."

"ಯಾರನ್ನ ಅಂತಾ ಇದ್ದೀರಿ? ನಿಶ್ಚಯದ ದಿನ ನಮ್ಮೋರು ಎರಡನೇ ಪಂಕ್ತಿಗೆ ಕೂತಿದ್ದನ್ನಾ?"

"ನಾನು ಎಮ್ಮೆ ಅಂದೆ. ನಿಮಗ್ಯಾಕೆ ಚುಚ್ಚಿತು?"

ಕೈಯೆತ್ತಿ ಎಂದೆ. ಆ ಕಡೆಯವರು ಆ ಕಡೆಗೆ, ಈ ಕಡೆಯವರು ಈ ಕಡೆಗೆ ಎತ್ತಿದರು. ಎತ್ತಿದ ಕೈಗಳು ಇಳಿಯಲಿಲ್ಲ. ಸೀರೆ ವಿಷಯ ಬಂತು, ಪಾಯಸಕ್ಕೆ ನೀರು ಬೆರೆಸಿದ ವಿಷಯ ಬಂತು. ಹೆಣ್ಣಿನ ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು, ಹಿಂದೆಯೇ ಉಳಿದವರು. ಸಮಾಧಾನವಾದ ಮೇಲೆ ಅವರು ಪತ್ರಿಕೆಯನ್ನು ಬೇರೆ ಪ್ರೆಸ್ಸಿನಲ್ಲಿ ಹಾಕಿಸಿದರಂತೆ. ಕಥೆ ಹುಟ್ಟಿದ್ದು ಇಷ್ಟರಿಂದ.

ನಾನು ಬಿಡಲಿಲ್ಲ. "ಮೊದಲಾಳಿ, ನಿಮ್ಮ ಪದ್ಧತಿ ಪ್ರಕಾರ ನನ್ನ ಆಟ ಪಾಸು. ಯಾರೂ ಪ್ರೂಫ್ ಕೇಳಲಿಲ್ಲ."

"ಪ್ರೂಫ್ ಮಾತ್ರಾನಾ ಪುಳ್ಳೆ? ಕಲ್ಯಾಣಾನೇ ಮರೆತು ಹೋದರು!" ಎಂದರು; ನಮ್ಮಲ್ಲಿ ಪುಳ್ಳೆ ಎಂದರೆ ಹುಡುಗಿ.

"ರಂಗ ಬಾವನ ಆಟಕ್ಕೆ ಆಕಳಿಸಿದರಲ್ಲ?"

"ಆಕಳಿಸಿದರೂ ಕೊಳ್ತಾರೆ. ಹೋದ ವರ್ಷದ್ದು ಮನೇಲಿದೆ, ಈ ವರ್ಷದ್ದು ಇಲ್ಲೆ ಅಂತ ಮಕ್ಕಳು ಅಳ್ತವೆ."

"ಹೋದ ವರ್ಷ ಅದೂ ಹೊಸದೇ ಆಗಿತ್ತು. ಆಗ ಹೇಗೆ ಧೈರ್ಯ ಬಂತು?"

ಮೊದಲಾಳಿ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಕತ್ತಲಲ್ಲಿ ಬಾವಿಗೆ ಹಾರಿದೆ, ನೀರಿತ್ತು. ದಿನಾ ಹಾರು ಅಂದ್ರೆ ಹೆಂಗೆ?" ಎನ್ನುತ್ತ ಮೂಲೆಯ ಕಟ್ಟೊಂದನ್ನು ತೋರಿಸಿದರು. ಅವರೇ ಯೋಚಿಸಿ ಹಾಕಿಸಿದ್ದ ಬೀಗ-ಕೀಲಿಯ ಆಟ. ಯಾರೂ ಮುಟ್ಟಿರಲಿಲ್ಲ. ಅದನ್ನು ಹರಿದು ಹೊಗೆಸೊಪ್ಪಿನ ಅಂಗಡಿಗೆ ಪೊಟ್ಟಣಕ್ಕೆ ಕೊಡುತ್ತಿದ್ದರು. "ನನ್ನ ಬುದ್ಧೀನೂ ಹೊಸದೇ ಇತ್ತು, ಕೆಂಚಮ್ಮಾ. ನಿಂಗೆ ವಾದ ಮಾಡಾಕೆ ಬರುತ್ತೆ. ಈ ಮಿಷನ್ನಿಗೆ ಮಸಿ ಬೇಕು, ಇವರಿಗೆಲ್ಲ ಕೂಲಿ ಬೇಕು."

ಉತ್ತರ ನನ್ನ ಬಳಿ ಇತ್ತು. ಆದರೆ ಅವರು ಆಗಲೇ ರಂಗನ ಹಾಳೆಯನ್ನು ಕೈಗೆ ತೆಗೆದುಕೊಂಡಿದ್ದರು. ರಂಗ ಕೆಳಗೆ ಚೆಲ್ಲಿದ್ದ ನನ್ನ ಚೀಟಿಗಳನ್ನು ಆರಿಸಿ ಒಂದೊಂದನ್ನೇ ಓದುತ್ತ ಕೂತಿದ್ದ.

ಮಾರ್ಗಳಿ ಬಂತು. ಎರಡನೇ ಭಾಗ ಅಂಗಡಿಗಳಿಗೆ ಬಂತು. ನಾನು ಹಟ ಹಿಡಿದು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಾವನ ಮನೆಯಲ್ಲಿ ಗೋಡೆಗೆ ಅಂಟಿಸಿದ್ದಾರೆ ಎಂದು ಅಮ್ಮ ಹೇಳಿದಾಗ ಅಲ್ಲಿಗೆ ಹೋಗುವುದನ್ನೂ ಬಿಟ್ಟೆ. ಏಕಾದಶಿಗೆ ಪೆರಿಯಕುಳಂನ ಚಿಕ್ಕಮ್ಮನ ಮನೆ ಸೇರಿಕೊಂಡೆ. ಅಲ್ಲಾದರೂ ರಂಗನ ಹೆಸರು ಕೇಳಿಸಲಾರದು ಎಂದು.

ಮಧ್ಯಾಹ್ನವೇ ನೆರೆಯ ಹೆಂಗಸರೆಲ್ಲ ಬಂದು ಜಗಲಿಯಲ್ಲಿ ಕೂತರು. ಹಸಿವು ಮರೆಯಬೇಕಲ್ಲ, ಆಟ ಬೇಗ ಶುರು. ಹಾಸಿದ್ದು ಅದೇ ಹಾಳೆ. ನಾನು ಕಂಬಕ್ಕೆ ಒರಗಿ ಪುಸ್ತಕ ಹಿಡಿದೆ. ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ಗಲಾಟೆ. ಬೊಮ್ಮವ್ವ ಎಂಬ ಮುದುಕಿಯ ಹುಣಿಸೆಬೀಜದ ಕಾಯಿ ಹಾಳೆಯ ಒಂದು ಕೆಂಪು ಮನೆಯ ಮೇಲೆ ಬಂದು ನಿಂತಿತ್ತು.

"ಟಿಕೆಟ್ ಇಲ್ಲೆ! ಚೆಕಿಂಗ್ ಬಂದವ್ನೆ! ಹೇಳು ಬೊಮ್ಮವ್ವ, ಯಾಕೆ ಇಳಿಸಬಾರದು?"

"ಟಿಕೆಟ್ ತಗೊಂಡಿದ್ದೆ ಸಾಮಿ. ಸೆರಗಲ್ಲಿ ಕಟ್ಟಿದ್ದೆ. ಮೇಕೆ ತಿಂದುಬಿಡ್ತು."

"ಮೇಕೆ ಬಸ್ಸಿಗೆ ಯಾಕೆ ಹತ್ತಿಸಿದೆ? ಅದಕ್ಕೆ ಟಿಕೆಟ್ ಎಲ್ಲಿ?"

"ತಿಂದಿದ್ದು ಅದರ ಟಿಕೆಟ್ಟೇ ತಾಯಿ! ನಂದು ಇನ್ನೂ ಕಂಡಕ್ಟರ್ ಕೊಟ್ಟೇ ಇಲ್ಲೆ!"

ಜಗಲಿ ನಗುವಿನಿಂದ ಅಲುಗಾಡಿತು. "ಕೈಯೆತ್ತಿ, ಕೈಯೆತ್ತಿ" ಎಂದು ಯಾರೋ ಕೂಗಿದರು. ಬಳೆಗಳ ಸದ್ದಿನೊಂದಿಗೆ ಕೈಗಳು ಮೇಲೆದ್ದವು.

ನಾನು ಪುಸ್ತಕ ಮುಚ್ಚಿದೆ. ಅದು ನನ್ನ ಆಟ. ವಾದ, ತೀರ್ಪು, ಎತ್ತಿದ ಕೈ ಎಲ್ಲವೂ ನನ್ನವು. ಪಂಚಾಯ್ತಿ ಕಟ್ಟೆಯಿಂದ ಎತ್ತಿ ಬಸ್ಸಿನೊಳಗೆ ಕೂರಿಸಿದ್ದರು, ಅಷ್ಟೇ. ಬೊಮ್ಮವ್ವ ತಾನೂ ಕೈಯೆತ್ತಿದ್ದನ್ನು ನೋಡಿ ಎದ್ದು ನಿಂತುಬಿಟ್ಟೆ.

"ತನ್ನ ವ್ಯಾಜ್ಯಕ್ಕೆ ತಾನೇ ಕೈಯೆತ್ತೋದು ಯಾವ ನ್ಯಾಯ? ಅದು ತಪ್ಪು."

"ಬಸ್ಸಲ್ಲಿ ಕೂತೋರೆಲ್ಲ ಎತ್ತಬೋದು ಅಂತ ಹಾಳೇಲಿ ಹಾಕವ್ರೆ. ನಾನು ಇನ್ನೂ ಬಸ್ಸಲ್ಲೇ ಇದ್ದೀನಲ್ಲ? ನೀನು ಇಳಿಸಿದ್ಯಾ?"

ನಾನು ವಾದದ ದಾರಿಯನ್ನೇ ಬದಲಿಸಿದೆ. "ಈ ಯೋಚನೆ ನಂದು. ಇದನ್ನ ಮಾಡಿದ್ದು ನಾನು" ಎಂದೆ.

ಬೊಮ್ಮವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಕಲ್ಯಾಣ ಮುರಿದ ಪುಳ್ಳೆ ನೀನೇನಾ? ಸರಿ ಕಣಮ್ಮ, ವಾದ ಮಾಡು. ಕೇಳ್ತೀವಿ."

ನಾನು ಮಾಡಿದೆ. ಮೊದಲನೆಯದು, ಎರಡನೆಯದು ಎಂದು ಕಾಲೇಜಿನ ವೇದಿಕೆಯ ಮೇಲೆ ನಿಂತ ಹಾಗೆಯೇ ಹೇಳಿದೆ. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ನಂಬುವವರು ಕೈಯೆತ್ತಿ ಎಂದಳು ಬೊಮ್ಮವ್ವ. ಚಿಕ್ಕಮ್ಮನ ಕೈ ಮೊಣಕಾಲಿನಿಂದ ಸ್ವಲ್ಪ ಎದ್ದು, ಅತ್ತಿತ್ತ ನೋಡಿ, ಕೂದಲು ಸರಿಮಾಡಿಕೊಂಡು ಇಳಿಯಿತು. ಬೇರೆ ಒಂದೂ ಏಳಲಿಲ್ಲ.

"ಇಳಿ ಪುಳ್ಳೆ, ಘಾಟಿ ನಡೆದೇ ಹತ್ತು" ಎಂದು ಯಾರೋ ಹೇಳಿದರು. ಮತ್ತೆ ನಗು. ಅದರಲ್ಲಿ ಕೆಟ್ಟತನವಿರಲಿಲ್ಲ. ದಾಳ ಮುಂದಿನವರ ಕೈಗೆ ಹೋಯಿತು.

ನಾನು ಅಲ್ಲಿಂದ ಏಳಲಿಲ್ಲ. ನೋಡುತ್ತಲೇ ಕೂತೆ. ಅತ್ತೆ ಸೊಸೆಯನ್ನು ಇಳಿಸಿದಳು, ಸೊಸೆ ಅತ್ತೆಯನ್ನು ಇಳಿಸಿದಳು, ಯಾರ ಮುಖವೂ ಗಂಟಾಗಲಿಲ್ಲ. ಚೀಟಿಯಲ್ಲಿ ಊರಿನ ಎಮ್ಮೆ ಇದ್ದಾಗ ನಿಜವಾದ ಜಗಳ ಎದ್ದಿತ್ತು. ಇಲ್ಲಿ ಎಲ್ಲರೂ ಟಿಕೆಟ್ ಇಲ್ಲದ ಪ್ರಯಾಣಿಕರು, ಎಲ್ಲರೂ ಸುಳ್ಳರು. ಕದ್ದರು ಎಂಬ ಸಿಟ್ಟು ಒಂದು ಕಡೆ ಇರಲಿ. ನನ್ನದಕ್ಕಿಂತ ಅದು ಚೆನ್ನಾಗಿತ್ತು. ಆ ಹೊಟ್ಟೆಕಿಚ್ಚು ಆರಿಸಲು ನೀರೇ ಇಲ್ಲ.

ಮಾರನೆಯ ದಿನ ಮೊದಲ ಬಸ್ಸಿಗೆ ಕಂಬಂಗೆ ಹೋದೆ. ಕೌಂಟರಿನ ಕಂಬಿಯಾಚೆ ರಂಗ ಟಿಕೆಟ್ ಹರಿಯುತ್ತಿದ್ದ. ನನ್ನ ಹಿಂದೆ ಸಾಲು ನಿಂತಿತ್ತು.

"ಕೈಯೆತ್ತೋ ಮನೆ ಯಾರದು, ಬಾವ?"

"ನಿಂದು" ಎಂದ ತಡವರಿಸದೆ. "ಅದಿಲ್ಲದೆ ಎರಡನೇದು ಬರೀ ರಸ್ತೆ, ಕೆಂಚು. ಆಕಳಿಸಿದರಲ್ಲ, ನೋಡಿದ್ಯಲ್ಲ. ನಿನ್ನ ಹೆಸರು ಹಾಕಿ ಅಂತ ಮೊದಲಾಳಿಗೆ ಹೇಳಿದೆ. ಆ ಹೆಸರು ಹಾಕಿದ್ರೆ ಲಗ್ನಪತ್ರಿಕೆಗೆ ಯಾರೂ ಬರಲ್ಲ ಅಂದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ವಾದದಲ್ಲಿ ನಿನ್ನ ಗೆಲ್ಲಾಕೆ ನನ್ನಿಂದ ಆಗುತ್ತಾ?" ಆಮೇಲೆ ದನಿ ತಗ್ಗಿಸಿ ಹೇಳಿದ: "ಮೊದಲಾಳಿಗೆ ಮೂರನೇದು ಬೇಕಂತೆ. ನಾವಿಬ್ಬರೂ ಸೇರಿ ಮಾಡೋಣ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅಪ್ಪ ನಿಮ್ಮ ಮನೆಗೆ ಮಾತಾಡಾಕೆ ಬರ್ತಾರೆ. ಆಮೇಲೆ ನನ್ನ ಹೆಸರೇನು, ನಿನ್ನ ಹೆಸರೇನು?"

ಮಾವ ಬಂದರು. ಅಮ್ಮನೂ ಅದನ್ನೇ ಹೇಳಿದಳು, ಗಂಡನ ಹೆಸರು ಬಂದರೆ ನಿನ್ನದು ಬಂದ ಹಾಗೇ ತಾನೆ ಎಂದು. ಓದು ಮುಗಿಯಲಿ ಎಂದು ಹೇಳಿ ನಾನು ಮೈಸೂರಿಗೆ ಬಂದೆ. ಮೂರನೇ ಭಾಗವೂ ಅಚ್ಚಾಗಿದೆ, ನಾನಿಲ್ಲದೆ. ಹಾಸ್ಟೆಲಿನಲ್ಲಿ ಯಾರಾದರೂ ಮಾತಿನ ನಡುವೆ ಕೈಯೆತ್ತಿದರೆ ಈಗಲೂ ನನಗೆ ಪೆರಿಯಕುಳಂನ ಆ ಜಗಲಿ ನೆನಪಾಗುತ್ತದೆ. ರಂಗ ಸುಳ್ಳು ಹೇಳುವವನಲ್ಲ ಎನ್ನುತ್ತಾರೆ ಎಲ್ಲರೂ. ಇರಬಹುದು. ಆದರೆ ಆ ದಿನ ಕೌಂಟರಿನ ಮುಂದೆ ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ. ಅವನು ನನ್ನ ಹಿಂದೆ ನಿಂತವನಿಗೆ ಗೂಡಲೂರಿಗೊಂದು ಟಿಕೆಟ್ ಹರಿದುಕೊಟ್ಟ; ಉತ್ತರ ಇವತ್ತಿಗೂ ಬಂದಿಲ್ಲ. ಅದನ್ನೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ:

ಆ ಆಟ ಮಾರಾಟವಾಗದೇ ಹೋಗಿದ್ದರೆ, ಬಾವ, ಆಗ ನೀನು ಕೈಯೆತ್ತೋ ಮನೆ ಯಾರ ಯೋಚನೆ ಅಂತ ಊರಿಗೆಲ್ಲ ಹೇಳ್ತಿದ್ದೆ?