ಕಡಲೆಕಾಯಿ ತುಳಿಯದ ಸೆಂಟರ್

ನನ್ನ ಎತ್ತರ ಐದಡಿ ಎಂಟಿಂಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಬುಟ್ಟಿಯ ಕೆಳಗೆ ನಿಲ್ಲುವ ಸೆಂಟರ್ ನಾನು ಎಂದರೆ ಸಾಕು, ಕೇಳಿದವರು ನನ್ನನ್ನು ಮನಸ್ಸಿನಲ್ಲೇ ಬಾಗಿಲಿಗೆ ತಲೆ ತಗಲುವಷ್ಟು ಉದ್ದ ಎಳೆದುಬಿಡುತ್ತಾರೆ. ಆಮೇಲೆ ಎದುರಿಗೆ ಕಂಡಾಗ ಏನೋ ಮೋಸವಾಯಿತೆಂಬಂತೆ ನೋಡುತ್ತಾರೆ. ಮಧುಗಿರಿಯ ನಮ್ಮ ಕಾಲೇಜು ತಂಡದಲ್ಲಿ ಉಳಿದವರೆಲ್ಲ ನನಗಿಂತ ಗಿಡ್ಡ. ನನ್ನ ಅರ್ಹತೆ ಇಷ್ಟೇ.

ಎತ್ತರ ಇಲ್ಲದವನು ವಿದ್ಯೆಯನ್ನಾದರೂ ಕಲಿಯಬೇಕಲ್ಲ. ಫೋನಿನಲ್ಲಿ ಒಬ್ಬ ಗುರುವನ್ನು ಹುಡುಕಿಕೊಂಡೆ. ಹಳೆಯ ಕಾಲದ, ಏಳಡಿ ಎತ್ತರದ, ಹೆಸರಾಂತ ಸೆಂಟರ್. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಾರಣ ಗುರುಭಕ್ತಿಯಲ್ಲ, ಉಚ್ಚಾರಣೆಯ ಭಯ. ಬುಟ್ಟಿಯ ಹತ್ತಿರ, ಬಣ್ಣ ಬಳಿದ ಚೌಕದ ಅಂಚಿಗೆ ಲೋ ಪೋಸ್ಟ್ ಎನ್ನುತ್ತಾರೆ. ಆತ ಅಲ್ಲಿ ಬುಟ್ಟಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಒಂದು ಕಾಲನ್ನು ನೆಲಕ್ಕೆ ನೆಟ್ಟಿರುತ್ತಾನೆ. ಅದು ಕದಲಿದರೆ ತಪ್ಪು. ಇನ್ನೊಂದು ಕಾಲು ಎಲ್ಲಿಗೆ ಬೇಕಾದರೂ ಹೋಗಬಹುದು. ಬಲಭುಜ ಸ್ವಲ್ಪ ಅಲ್ಲಾಡುತ್ತದೆ, ತಡೆಯಲು ಹಿಂದೆ ನಿಂತ ಎದುರಾಳಿ ಬಲಕ್ಕೆ ಹಾರುತ್ತಾನೆ, ಗುರು ಎಡಕ್ಕೆ ತಿರುಗಿ ಚೆಂಡನ್ನು ಬುಟ್ಟಿಯೊಳಗೆ ಇಟ್ಟುಬರುತ್ತಾನೆ. ಎಸೆಯುವುದಿಲ್ಲ, ಇಡುತ್ತಾನೆ.

ಬೇಕಾದದ್ದಕ್ಕೆ ಬೆನ್ನು ಮಾಡಿ ನಿಲ್ಲುವುದು ಎಷ್ಟು ದೊಡ್ಡ ವಿದ್ಯೆ ಎಂದು ನನಗೆ ಆಗ ಹೊಳೆಯಿತು. ನಮ್ಮ ದೊಡ್ಡಪ್ಪ ಸಿರಾದ ಕುರಿ ಸಂತೆಯಲ್ಲಿ ಮಾಡುವುದೂ ಇದನ್ನೇ. ಮನಸ್ಸಿಗೆ ಹಿಡಿಸಿದ ಟಗರಿಗೆ ಬೆನ್ನು ತಿರುಗಿಸಿ, ಬೇಡದ ಕುರಿಯ ಹಲ್ಲು ನೋಡುತ್ತ ಅರ್ಧ ಗಂಟೆ ಕಳೆಯುತ್ತಾನೆ. ಮಾರುವವನು ಆ ಕಡೆ ವಾಲಿದ ಮೇಲೆ ಸರಕ್ಕನೆ ತಿರುಗುತ್ತಾನೆ. ದೊಡ್ಡಪ್ಪನಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ, ಗುರುವಿಗೆ ಕುರಿ ಗೊತ್ತಿರಲಿಕ್ಕಿಲ್ಲ. ಇಬ್ಬರೂ ಭೇಟಿಯಾಗಿದ್ದರೆ ಪರಸ್ಪರ ಬೆನ್ನು ಮಾಡಿ ಬಹಳ ಹೊತ್ತು ನಿಂತಿರುತ್ತಿದ್ದರು.

ಅಭ್ಯಾಸಕ್ಕೆ ಜಾಗ ಬೇಕಲ್ಲ. ಮಿಡಿಗೇಶಿಯ ಆಚೆ ಇರುವ ನಮ್ಮೂರಿನ ಶಾಲೆಯ ಹಿಂದೆ ಯಾರೋ ಯಾವಾಗಲೋ ಕಟ್ಟಿಸಿಕೊಟ್ಟ ಸಿಮೆಂಟಿನ ಅಂಕಣವಿದೆ. ಎರಡು ಕಂಬಗಳಲ್ಲಿ ಒಂದಕ್ಕೆ ಮಾತ್ರ ಬುಟ್ಟಿ ಉಳಿದಿದೆ. ಸುಗ್ಗಿ ಬಂತೆಂದರೆ ಅಂಕಣ ಕಣವಾಗುತ್ತದೆ. ಮೊದಲು ಗುಡಿಸಿ ನಾಲ್ಕು ಮೂಲೆಗೆ ಕಲ್ಲಿಟ್ಟವರಿಗೆ ಆ ಜಾಗ, ಇದರಲ್ಲಿ ತಕರಾರಿಲ್ಲ. ಬುಟ್ಟಿಯ ಕೆಳಗಿನ ಬಣ್ಣದ ಚೌಕ ಎಲ್ಲಕ್ಕಿಂತ ನುಣುಪು. ಅದು ಪ್ರತಿ ವರ್ಷ ಪಕ್ಕದ ಮನೆಯ ಸಣ್ಣಕ್ಕಜ್ಜಿಗೆ. ನಾನು ಚೆಂಡು ಹಿಡಿದು ಹೋದಾಗ ಅಜ್ಜಿ ಆಗಲೇ ಕಡಲೆಕಾಯಿ ಹರಡಿ, ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಳು.

"ಅಜ್ಜಿ, ಮುಂದಿನ ವಾರ ಸಿರಾದಾಗೆ ಮ್ಯಾಚ್ ಐತೆ. ಒಂಚೂರು ಜಾಗ ಬುಡಜ್ಜಿ."

"ಜಾಗ ಬುಟ್ಟಿವ್ನಲ್ಲ, ಕಾಣಾಕಿಲ್ವಾ?" ಎಂದು ಕೋಲಿನಿಂದ ತೋರಿಸಿದಳು. ಕಾಯಿ ತಿರುವಿಹಾಕಲು ಅವಳು ಕಾಲಿಡುವ ಎರಡು ಬರಿದಾದ ಜಾಗಗಳಿದ್ದವು. ಒಂದೊಂದೂ ರೊಟ್ಟಿಯಷ್ಟು ಅಗಲ. "ಅಲ್ಲೊಂದು ಕಾಲು ಇಲ್ಲೊಂದು ಕಾಲು ಮಡಗು. ಒಂದು ಕಾಯಿ ಪಟ್ಟಂದ್ರೂ ಕಾಲು ಮುರೀತೀನಿ ಕಣ್ಲಾ. ಚೆಂಡೂ ಕಾಯಿ ಮ್ಯಾಕೆ ಬೀಳಬಾರ್ದು."

ನನ್ನ ಮುಂದೆ ಬೇರೆ ದಾರಿ ಇರಲಿಲ್ಲ. ಕೊರಟಗೆರೆಯಲ್ಲಿ ನಾವು ಸೋತುಬಂದ ದಿನವೇ ನಮ್ಮ ಪಿ.ಟಿ. ಮೇಷ್ಟ್ರು ಹೇಳಿದ್ದರು: "ಸಿರಾದಲ್ಲೂ ನೀನು ಒಂದು ಬುಟ್ಟಿ ಹಾಕ್ಲಿಲ್ಲ ಅಂದ್ರೆ ಬುಟ್ಟಿ ಕೆಳಗೆ ನಿಂತ್ಕೋಬೇಡ ಮಾರಾಯ. ನೀರಿನ ಕ್ಯಾನ್ ಪಕ್ಕ ನಿಂತ್ಕೋ. ಅದಕ್ಕೂ ಎತ್ತರದೋರು ಬೇಕು."

ಹೀಗೆ ನನ್ನ ಗುರುಕುಲ ಶುರುವಾಯಿತು. ಎಡಗಾಲು ಒಂದು ರೊಟ್ಟಿಯಲ್ಲಿ. ಭುಜ ಅಲ್ಲಾಡಿಸುವುದು, ಬಲಗಾಲನ್ನು ಕಾಯಿಯ ರಾಶಿಯ ಮೇಲೆ ಕೊಕ್ಕರೆಯಂತೆ ತೇಲಿಸಿ ಇನ್ನೊಂದು ರೊಟ್ಟಿಗೆ ಇಳಿಸುವುದು, ಚೆಂಡು ಇಡುವುದು, ಅದು ಬುಟ್ಟಿಯಿಂದ ಇಳಿದು ಕಾಯಿಗೆ ಬೀಳುವ ಮೊದಲೇ ಹಿಡಿಯುವುದು. ಪ್ರತಿ ಸಂಜೆ ಡೈರಿಯಲ್ಲಿ ಮೂರು ಸಾಲು ಬರೆಯುತ್ತಿದ್ದೆ: ಬುಟ್ಟಿಗೆ ಬಿದ್ದದ್ದು, ಬೀಳದ್ದು, ತುಳಿದ ಕಾಯಿ. ಮೊದಲೆರಡರಲ್ಲಿ ಹೇಳಿಕೊಳ್ಳುವಂಥ ಪ್ರಗತಿ ಇರಲಿಲ್ಲ. ಮೂರನೆಯದು ಮಾತ್ರ ಶುಕ್ರವಾರದ ಹೊತ್ತಿಗೆ ಸೊನ್ನೆಗೆ ಇಳಿದಿತ್ತು. ನಾನು ಭುಜ ಕುಣಿಸಿದಾಗ ಮೋಸಹೋಗುತ್ತಿದ್ದವು ಕಾಗೆಗಳು ಮಾತ್ರ. ಇದನ್ನು ಗಮನಿಸಿದ ಅಜ್ಜಿ ಕೋಲು ಕೆಳಗಿಟ್ಟು ಊಟಕ್ಕೆ ಏಳತೊಡಗಿದಳು. "ನೀನು ಕುಣೀತಿರು, ಉಂಡು ಬತ್ತೀನಿ."

ಸಿರಾದ ಅಂಕಣದಲ್ಲಿ ಒಂದೇ ಒಂದು ಕಡಲೆಕಾಯಿ ಇರಲಿಲ್ಲ. ಅಷ್ಟು ಖಾಲಿ ನೆಲ ನೋಡಿ ನನಗೆ ತಲೆ ಸುತ್ತಿತು. ನನ್ನನ್ನು ತಡೆಯಲು ನಿಂತವನು ಸಲೀಂ. ಆರಡಿ ಮೀರಿದ ಆಳು, ಒಳ್ಳೆಯವನು, ಆಟದುದ್ದಕ್ಕೂ ನನ್ನ ತಲೆಯ ಮೇಲಿನಿಂದಲೇ ಗೆಳೆಯರ ಜೊತೆ ಮಾತಾಡುತ್ತಿದ್ದ. ನಾನು ಭುಜ ಅಲ್ಲಾಡಿಸಿದೆ. ಅವನು ಕದಲಲಿಲ್ಲ. ಮತ್ತೆ ಅಲ್ಲಾಡಿಸಿದೆ. "ಕ್ಯಾ ಭಾಯ್, ಚಳಿ ಆಗ್ತೈತಾ?" ಎಂದ. ಆಟ ಮುಗಿಯುತ್ತ ಬಂದಿತ್ತು, ಒಂದು ಬುಟ್ಟಿಯಿಂದ ನಾವು ಹಿಂದೆ. ನನ್ನ ಬುಟ್ಟಿ ಒಂದೂ ಇಲ್ಲ. ಮೇಷ್ಟ್ರು ನೀರಿನ ಕ್ಯಾನನ್ನು ಕಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡುತ್ತಿದ್ದುದು ಕಂಡಿತು.

ಚೆಂಡು ನನ್ನ ಕೈಗೆ ಬಂತು. ಬೆನ್ನಿಗೆ ಸಲೀಂ. ಎಡಗಾಲು ನೆಟ್ಟೆ, ಬಲಗಾಲು ಎತ್ತಿದೆ. ಇಳಿಸಬೇಕೆನ್ನುವಷ್ಟರಲ್ಲಿ ಕಾಲು ಗಾಳಿಯಲ್ಲೇ ನಿಂತುಬಿಟ್ಟಿತು. ಅಲ್ಲಿ ಸಣ್ಣಕ್ಕಜ್ಜಿಯ ಕಾಯಿ ಇತ್ತು. ಇರಲಿಲ್ಲ, ಆದರೂ ಇತ್ತು. ಕಾಲು ಅದನ್ನು ನಿಧಾನವಾಗಿ, ಬಹಳ ಮರ್ಯಾದೆಯಿಂದ ದಾಟತೊಡಗಿತು. ಸಲೀಂ ನನ್ನ ಕಾಲನ್ನು ನೋಡಿದ. ಆಮೇಲೆ ನೆಲ ನೋಡಿದ. "ಅರೆ, ಏನೈತೆ ಅಲ್ಲಿ? ಹಾವಾ?" ಎಂದವನೇ ಎರಡು ಮಾರು ಹಿಂದಕ್ಕೆ ಜಿಗಿದ. ಅವನ ತಂಡದ ಇನ್ನೊಬ್ಬನೂ ಜಿಗಿದ. ನಾನು ಒಬ್ಬನೇ ಉಳಿದೆ. ತಿರುಗಿದೆ, ಚೆಂಡು ಇಟ್ಟೆ, ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದೆ. ಬುಟ್ಟಿಯಿಂದ ಇಳಿದ ಚೆಂಡನ್ನು ಹಿಡಿದು ಆಟ ತಡಮಾಡಿದ್ದಕ್ಕೆ ರೆಫರಿ ಎಚ್ಚರಿಕೆ ಕೊಟ್ಟರು. ಬುಟ್ಟಿ ಮಾತ್ರ ಬುಟ್ಟಿಯೇ. ಸರಿಸಮವಾಯಿತು. ಆಮೇಲೆ ಇನ್ನೂ ಒಂದು ಬಿತ್ತು, ಹಾಗೇ, ನಾವು ಗೆದ್ದೆವು. ಎರಡನೆಯ ಸಲ ಹಾವಿಲ್ಲವೆಂದು ಗೊತ್ತಿದ್ದೂ ಸಲೀಂ ನೆಲ ನೋಡದೆ ಇರಲಾರದೆ ಹೋದ.

"ಯಾವ ವಿಡಿಯೊದಲ್ಲಿ ಕಲಿತ್ಯೋ ಇದನ್ನ?" ಎಂದು ಕೇಳಿ ಮೇಷ್ಟ್ರು ನನ್ನನ್ನು ಪಾವಗಡದ ಪಂದ್ಯಕ್ಕೆ ಸೆಂಟರ್ ಎಂದೇ ಬರೆದುಕೊಂಡರು. ನಾನು ಸುದ್ದಿಯನ್ನು ಓಡಿಹೋಗಿ ಹೇಳಿದ್ದು ಅಜ್ಜಿಗೆ.

"ಸಿರಾದಾಗೆ ಯಾರ್ದು ಕಾಯಿ ಒಣಗಾಕಿದ್ರು?"

"ಯಾರ್ದೂ ಇಲ್ಲ ಅಜ್ಜಿ, ಬರೀ ನೆಲ."

"ಮತ್ಯಾಕ್ಲಾ ದಾಟ್ದೆ?"



ಕಷ್ಟ ಶುರುವಾದದ್ದು ಆಮೇಲೆ. ಕಾಯಿ ಒಣಗಿ ಚೀಲ ಸೇರಿತು. ಅಂಕಣ ಖಾಲಿಯಾಯಿತು. ಇಡೀ ನೆಲ ನನ್ನದಾದದ್ದೇ ತಡ, ಕಾಲುಗಳು ಸಂತೆಗೆ ಬಂದ ಕುರಿಗಳಂತೆ ದಿಕ್ಕಾಪಾಲಾದವು. ಒಂದು ಚೆಂಡೂ ಬುಟ್ಟಿಗೆ ಬೀಳಲೊಲ್ಲದು. ಪಾವಗಡ ಹತ್ತಿರ ಬರುತ್ತಿತ್ತು. ಕೊನೆಗೆ ಅಜ್ಜಿಯ ಜಗಲಿಯಲ್ಲಿ ಹೋಗಿ ಕೂತೆ.

"ಅಜ್ಜಿ, ಏನಾದ್ರೂ ಒಣಗಾಕಜ್ಜಿ."

"ಏನ್ಲಾ ಒಣಗಾಕ್ಲಿ, ನನ್ ತಲೆಯಾ?"

"ಹುಣಸೆಹಣ್ಣು?"

"ಅದಿನ್ನೂ ಮರದಾಗೈತೆ. ಲೇ, ಜಾಗ ಬುಡು ಅಂತ ನೀನೇ ಅಲ್ವಾ ಅಳ್ತಿದ್ದಿದ್ದು?"

ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಒಂದು ಮೊರ ಕಡಲೆಕಾಯಿ ಸಿಪ್ಪೆ ತಂದು ಚೌಕದಲ್ಲಿ ಹರಡಿದಳು. ನಾನು ಅದನ್ನು ಧಾರಾಳವಾಗಿ ತುಳಿದೆ. ಸಿಪ್ಪೆಗೆ ಯಾರು ಹೆದರುತ್ತಾರೆ? ಅಜ್ಜಿ ಒಳಗೆ ಹೋಗಿ ಕೋಲು ತಂದು ಮೊದಲಿನ ಜಾಗದಲ್ಲಿ ಕೂತಳು. "ಈಗ ತುಳಿ ನೋಡನ." ಕಾಲು ಗಾಳಿಯಲ್ಲೇ ನಿಂತಿತು. ಚೆಂಡು ಬುಟ್ಟಿಗೆ ಬಿತ್ತು.

ಆ ಸಂಜೆ ಕೃತಜ್ಞತೆಗೆಂದು ಗುರುವಿನ ವಿಡಿಯೊವನ್ನು ಅಜ್ಜಿಗೆ ತೋರಿಸಿದೆ. ಅದೇ ಬೆನ್ನು, ಅದೇ ಭುಜ, ಅದೇ ತಿರುವು. ನಾನು ನೂರು ಸಲ ನೋಡಿದ್ದರೂ ಕಾಣದ್ದು ಅವಳಿಗೆ ಮೊದಲ ಸಲಕ್ಕೇ ಕಂಡಿತು: ಇಳಿಯುವ ಮುನ್ನ ಅವನ ಕಾಲು ಒಂದು ಗಳಿಗೆ ಗಾಳಿಯಲ್ಲಿ ತಡೆಯುತ್ತದೆ.

"ಅಯ್ಯೋ ಪಾಪ, ಇವನೂ ಯಾರ್ದೋ ಕಾಯಿ ದಾಟ್ತಾವ್ನೆ," ಎಂದಳು ಅಜ್ಜಿ. ಆಮೇಲೆ ಫೋನನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು, ಕಿರುಚುತ್ತಿದ್ದ ಆ ಸಾವಿರಾರು ಜನರ ನಡುವೆ ಕೋಲು ಹಿಡಿದು ಕೂತವಳು ಎಲ್ಲಿದ್ದಾಳೆಂದು ಬಹಳ ಹೊತ್ತು ಹುಡುಕಿದಳು.