ಅತ್ತಿಗೆ ಬೆಟ್ಟ ಹತ್ತಿದ ಸೋಮವಾರ

ಅರಸೀಕೆರೆಯ ನಮ್ಮ ಮನೆಯ ಮುಂದಿನಿಂದ ಕಾರು ಹೊರಟಾಗ ಬೆಳಗಿನ ಐದು ಗಂಟೆ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ವಿಮಲಾ ಮತ್ತು ಅಣ್ಣನ ಹೆಂಡತಿ ಗೌರಮ್ಮ ಅತ್ತಿಗೆ. ಅತ್ತಿಗೆ ನಾಲ್ಕಕ್ಕೇ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿದ್ದರು. ಮುಂದಿನ ಸೀಟಿನಲ್ಲಿ ತೆಂಗಿನಕಾಯಿ, ಹೂವು, ಎಣ್ಣೆ, ಬತ್ತಿ ತುಂಬಿದ ಒಂದು ಚೀಲ. ಗಾಳಿ ಕುಡಿಯಲು ಬೆಟ್ಟಕ್ಕೆ ಹೊರಟವರಿಗೆ ಇಷ್ಟೆಲ್ಲ ಪೂಜೆ ಸಾಮಾನು ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ತಲೆಯಲ್ಲಿ ಬರೀ ರಸ್ತೆ ಓಡುತ್ತಿತ್ತು.

ಹೋಗಬೇಕಾಗಿದ್ದದ್ದು ಮುಳ್ಳಯ್ಯನಗಿರಿಗೆ. ನಮ್ಮ ಮನೆಯಲ್ಲಿ ಆ ಬೆಟ್ಟ ನೋಡದವರೆಂದರೆ ಅತ್ತಿಗೆ ಒಬ್ಬರೇ. ಅವ್ವ ಹಾಸಿಗೆ ಹಿಡಿದ ಮೇಲೆ ನಾವೆಲ್ಲ ಒಬ್ಬರಾದ ಮೇಲೊಬ್ಬರು ಊರೂರು ಸುತ್ತಿ ಬಂದೆವು. ಅವ್ವನ ಪಕ್ಕ ಕೂತವರು ಅತ್ತಿಗೆ. ಅವ್ವ ತೀರಿಕೊಂಡ ಮೇಲೆ ಒಂದು ದಿನ, ಯಾರೂ ಕೇಳದೆಯೇ, "ನಾನೂ ಒಂದು ಸಲ ಬೆಟ್ಟ ಹತ್ತಿ ಮೇಲಿಂದ ಕೆಳಗೆ ನೋಡ್ಬೇಕು ಕಣಪ್ಪ ಕುಮಾರ" ಎಂದರು. ಹೋದ ವರ್ಷ ಒಂದು ಭಾನುವಾರ ಕರೆದುಕೊಂಡು ಹೊರಟೆ. ಬೆಟ್ಟದ ಬುಡದಲ್ಲಿ ಮೂರು ಗಂಟೆ ಕಾರುಗಳ ಸಾಲಿನಲ್ಲಿ ನಿಂತು, ಮೇಲೆ ಜಾಗವಿಲ್ಲವೆಂದು ವಾಪಸ್ ಬಂದೆವು. ಅತ್ತಿಗೆ "ಬಿಡಪ್ಪ" ಎಂದರು, ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಈ ವರ್ಷ ಅವರ ಬಲ ಮಂಡಿ ಸವೆದಿದೆ, ಹತ್ತುವುದಿದ್ದರೆ ಬೇಗ ಹತ್ತಿಬಿಡಿ ಎಂದು ಡಾಕ್ಟರು ಹೇಳಿದ್ದಾರೆ.

ಆದ್ದರಿಂದ ಈ ಸಲ ನಾನು ಪಕ್ಕಾ ತಯಾರಿ ಮಾಡಿದ್ದೆ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳ ಕಾಟ. ಸೋಮವಾರ ಅವರೆಲ್ಲ ಆಫೀಸಿನಲ್ಲಿರುತ್ತಾರೆ, ನಮ್ಮ ಮಾರುಕಟ್ಟೆಯಲ್ಲೂ ಅವತ್ತು ಕೊಬ್ಬರಿ ಹರಾಜಿಲ್ಲ. ಬಾಣಾವರ, ಕಡೂರಿನ ಹೆದ್ದಾರಿ ಬಿಟ್ಟು ಜಾವಗಲ್, ಹಳೇಬೀಡು, ಬೇಲೂರು ಸುತ್ತಿ ಹೋದರೆ ಸ್ವಲ್ಪ ದೂರವಾದರೂ ರಸ್ತೆ ಖಾಲಿ. ಈ ಲೆಕ್ಕಾಚಾರವನ್ನು ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಕೊರೆದಿದ್ದೆ.

ಜಾವಗಲ್‌ವರೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಎದುರಾದದ್ದು ಎರಡು ಹಾಲಿನ ವ್ಯಾನು, ಒಂದು ಬಸ್ಸು. ಮಂಜು ದಟ್ಟವಾಗಿತ್ತು, ತೆಂಗಿನ ಮರಗಳ ತಲೆಯೇ ಕಾಣುತ್ತಿರಲಿಲ್ಲ. ನಾನು ಶಿಳ್ಳೆ ಹಾಕಿಕೊಂಡು ಓಡಿಸಿದೆ. ಬೆಳಕು ಹರಿಯುವ ಹೊತ್ತಿಗೆ ಹಳೇಬೀಡು. ದೇವಸ್ಥಾನದ ಗೇಟಿನ ಹತ್ತಿರ ಹತ್ತಿಪ್ಪತ್ತು ಹೆಂಗಸರು ತಟ್ಟೆಯಲ್ಲಿ ದೀಪ ಇಟ್ಟುಕೊಂಡು ನಿಂತಿದ್ದರು. ಈ ಊರಿನವರು ಬಹಳ ಭಕ್ತರು ಎಂದುಕೊಂಡೆ. ಅತ್ತಿಗೆ ಕಾರಿನಿಂದಲೇ ಕೈ ಮುಗಿದು, "ಎಂಥಾ ಒಳ್ಳೇ ದಿನ ನೋಡಿ ಹೊರಡಿಸಿದೀಯಪ್ಪ" ಎಂದರು. ನನಗೆ ಕೋಡು ಮೂಡಿತು. "ಸುಮ್ನೆ ಅಲ್ಲ ಅತ್ತಿಗೆ, ಒಂದು ವಾರ ತಲೆ ಕೆಡಿಸ್ಕೊಂಡಿದೀನಿ" ಎಂದೆ.

ಬೇಲೂರಿಗೆ ಅಲ್ಲಿಂದ ಹದಿನಾರು ಕಿಲೋಮೀಟರು. ಏಳು ಗಂಟೆಗೆ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಕೂತೆವು. ನಾನು ಎರಡು ಇಡ್ಲಿ, ಎರಡು ವಡೆ ಹೇಳಿದೆ. ಹೆಂಗಸರಿಬ್ಬರೂ ಕಾಫಿ ಸಾಕೆಂದರು. ನಾನು ತಿನ್ನುವುದನ್ನು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಬೆನ್ನಿಗೆ ಒಂದು ಗುದ್ದು ಬಿತ್ತು.

"ಏನ್ಲಾ ಕುಮಾರ, ನೀನೂ ಗಿರಿಗೇನ್ಲಾ?"

ಬಾಣಾವರದ ರುದ್ರೇಶ, ನಮ್ಮ ಹಾಗೇ ಕೊಬ್ಬರಿ ವ್ಯಾಪಾರದವನು. ಹೌದು, ಜನ ಇಲ್ಲದ ದಿನ ನೋಡಿ ಬಂದಿದ್ದೇನೆ ಎಂದೆ. ಅವನು ಬಿದ್ದು ಬಿದ್ದು ನಕ್ಕ.

"ಜನ ಇಲ್ಲದ ದಿನಾನಾ? ಕಾರ್ತೀಕ ಸೋಮವಾರ ಕಣೋ ಇವತ್ತು! ನಮ್ಮ ತಮ್ಮ ನಾಲ್ಕು ಗಂಟೆಯಿಂದ ಬೆಟ್ಟದ ಕೆಳಗೆ ನಿಂತವ್ನೆ, ಇನ್ನೂ ಬಿಟ್ಟಿಲ್ಲ. ನೋಡಿಲ್ಲಿ." ಫೋನಿನಲ್ಲಿ ತೋರಿಸಿದ. ಕಣ್ಣು ಹಾಯುವಷ್ಟು ದೂರ ಕಾರುಗಳ ಕೆಂಪು ದೀಪ. ತಾವೂ ಹೋಗಿ ಆ ಸಾಲಿನ ಕೊನೆಗೆ ಸೇರಿಕೊಳ್ಳುವುದೆಂದು ಹೇಳಿ ಅವನು ಹೊರಟ.

ಕೈಯಲ್ಲಿದ್ದ ವಡೆ ಕೈಯಲ್ಲೇ ಉಳಿಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಬೆಂಗಳೂರಿನವರ ರಜೆ ಲೆಕ್ಕ ಹಾಕಿದೆ, ಹರಾಜಿನ ದಿನ ಲೆಕ್ಕ ಹಾಕಿದೆ, ಮನೆಯ ಗೋಡೆಯ ಮೇಲಿರುವ ಪಂಚಾಂಗ ನೋಡಲಿಲ್ಲ. ತುದಿಯಲ್ಲಿ ಗುಡಿಯಿರುವ ಶಿವನ ಬೆಟ್ಟಕ್ಕೆ ಶಿವನ ದಿನವೇ ಹೊರಟು, ಜನ ಇರುವುದಿಲ್ಲವೆಂದು ಊರೆಲ್ಲ ಸಾರಿದ್ದೆ.

"ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಎಂದಳು ವಿಮಲಾ. "ಬೇಕೂಂತಲೇ ಈ ದಿನ ಆರಿಸಿದೀರಿ, ಉಪವಾಸ ಇದ್ದು ಹತ್ತೋಣ ಅಂತ ನಾವಿಬ್ಬರೂ ಮಾತಾಡ್ಕೊಂಡಿದ್ವಿ. ನೀವು ನೋಡಿದ್ರೆ ವಡೆ ತಿಂತಾ ಇದೀರ."

ಅತ್ತಿಗೆ ಕಾಫಿ ಲೋಟ ಕೆಳಗಿಟ್ಟು, "ಬಿಡಪ್ಪ" ಎಂದರು. ಅದೇ ಮಾತು, ಅದೇ ದನಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಕ್ಕದ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಿದ್ದ ಐವತ್ತರ ಆಸುಪಾಸಿನ ಒಬ್ಬ ವ್ಯಕ್ತಿ ಇದನ್ನೆಲ್ಲ ಕೇಳಿಸಿಕೊಂಡಿರಬೇಕು. ಹೆಸರು ಮಂಜಣ್ಣ, ಬಿಕ್ಕೋಡಿನ ಕಡೆ ಕಾಫಿ ತೋಟಗಳಿಗೆ ಜೀಪಿನಲ್ಲಿ ಆಳುಗಳನ್ನು ಬಿಡುವವರು.

"ಯಜಮಾನ್ರೇ, ಬೆಟ್ಟ ಅಂದ್ರೆ ಅದೊಂದೇ ಏನ್ರೀ ಇರೋದು? ನಮ್ಮ ತೋಟದ ಹಿಂದೆ ಒಂದೈತೆ. ಮೇಲೆ ಈಶ್ವರನ ಗುಡೀನೂ ಐತೆ. ಕೆಲಸ ಬಿಟ್ಟ ಮೇಲೆ ನಮ್ಮ ಹೆಣ್ಮಕ್ಕಳು ದೀಪ ಹಚ್ಚಕ್ಕೆ ಹೋಯ್ತಾರೆ. ಬೆಳಗ್ಗೆ ಹೊತ್ತು ನರಪಿಳ್ಳೆ ಇರಕ್ಕಿಲ್ಲ."

ಅತ್ತಿಗೆ ಮೊದಲ ಸಲ ತಿರುಗಿ ನೋಡಿದರು. "ಸುಮ್ನೆ ದಿಬ್ಬ ಅಲ್ಲ ತಾನೇ? ಮೇಲಿಂದ ಕೆಳಗೆ ನೋಡಿದ್ರೆ ಮೋಡ ಕಾಣುತ್ತಾ?"

"ಮೋಡದ ಮಾತು ನಾನು ಕೊಡಕ್ಕಾಗಕ್ಕಿಲ್ಲ ಕಣವ್ವಾ. ಕೆಳಗೆ ನೋಡೋದಕ್ಕಂತೂ ಮೋಸ ಇಲ್ಲ."

"ನಡಿ ಕುಮಾರ" ಎಂದು ಅತ್ತಿಗೆ ಎದ್ದೇಬಿಟ್ಟರು.

ಬಿಕ್ಕೋಡಿನ ರಸ್ತೆಯಲ್ಲಿ ಎದುರಾದದ್ದು ಒಂದು ಟ್ರ್ಯಾಕ್ಟರ್, ನಾಲ್ಕೈದು ದನ. ಎರಡೂ ಕಡೆ ತೋಟಗಳಲ್ಲಿ ಕಾಫಿ ಹಣ್ಣು ಕೆಂಪಾಗಿತ್ತು, ಗಿಡಗಳ ನಡುವಿನಿಂದ ಮಾತು ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬಿಕ್ಕೋಡಿನಲ್ಲಿ ಕಾರು ನಿಲ್ಲಿಸಿ ಮಂಜಣ್ಣನ ಜೀಪು ಹತ್ತಿದೆವು. ಹೋಗಿ ಬರುವುದಕ್ಕೆ ಎಂಟುನೂರು ರೂಪಾಯಿ ಎಂದು ಮಾತಾಯಿತು. ಜೀಪು ಕುಲುಕಿದ ರಭಸಕ್ಕೆ ನಾನು ತಿಂದ ಇಡ್ಲಿ, ವಡೆ ಎರಡೂ ಪ್ರಾಯಶ್ಚಿತ್ತ ಮಾಡಿಕೊಂಡವು. ಒಂದು ಹಲಸಿನ ಮರದ ಹತ್ತಿರ ದಾರಿ ಮುಗಿಯಿತು. ಮುಂದೆ ಬಂಡೆಯಲ್ಲಿ ಕಡಿದ ನೂರಕ್ಕೂ ಹೆಚ್ಚು ಮೆಟ್ಟಿಲು.

ಅತ್ತಿಗೆ ಹತ್ತು ಮೆಟ್ಟಿಲಿಗೊಮ್ಮೆ ಕೂತು, ಮಂಡಿ ನೀವಿಕೊಂಡು, ಮತ್ತೆ ಏಳುತ್ತಿದ್ದರು. ಅರ್ಧ ದಾರಿಯಲ್ಲಿ ಕೂತವರು ಬಹಳ ಹೊತ್ತು ಏಳಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ನನಗೆ ನಿಜವಾಗಿ ಭಯವಾಯಿತು. "ಅತ್ತಿಗೆ, ಇಲ್ಲಿಂದಲೇ ಕೈ ಮುಗಿಯೋಣ" ಎಂದು ಕೈ ಚಾಚಿದೆ.

"ಕೈ ತೆಗಿ. ಇಷ್ಟು ವರ್ಷ ಇಲ್ಲಿಂದಲೇ, ಅಲ್ಲಿಂದಲೇ ಅಂತ ಕೈ ಮುಗಿದಿದ್ದು ಸಾಕು" ಎಂದು ಬಂಡೆಗೆ ಕೈಯೂರಿ ಎದ್ದರು. ವಿಮಲಾ ಅವರ ಹಿಂದೆ, ನಾನು ಇನ್ನೂ ಹಿಂದೆ.

ಮೇಲೆ ಮಾಡು ಕೂಡ ಇಲ್ಲದ ಸಣ್ಣ ಗುಡಿ, ಮೊಣಕಾಲೆತ್ತರದ ಲಿಂಗ. ಜೋರು ಗಾಳಿ. ದೀಪ ಎರಡು ಸಲ ಹಚ್ಚಿದರೂ ಆರಿತು. ಆಗ ಅತ್ತಿಗೆ ಕಾಯಿ ಒಡೆದು, ಒಂದು ಹೋಳಿನ ಒಳಗೆ ಎಣ್ಣೆ ಬಿಟ್ಟು, ಬತ್ತಿ ಇಟ್ಟು ಹಚ್ಚಿದರು. ಉರಿಯಿತು. ಕೈ ಮುಗಿದ ಮೇಲೆ ಬಂಡೆಯ ಅಂಚಿನ ಕಡೆ ನಡೆದು ಹೋಗಿ ಕೂತರು.

ಮೋಡವೇನೂ ಇರಲಿಲ್ಲ. ಮಂಜು ಕರಗಿ ಹೋಗಿತ್ತು. ಕೆಳಗೆ ಕಾಫಿ ತೋಟ, ಅದರಾಚೆ ಗದ್ದೆ, ಕೆರೆಗಳು, ಪೂರ್ವಕ್ಕೆ ನಮ್ಮ ಬಯಲು ಸೀಮೆ ಕಂದು ಬಣ್ಣಕ್ಕೆ ತಿರುಗುತ್ತಾ ಹೋಗಿತ್ತು. ನಮ್ಮ ಮನೆ ಯಾವ ಕಡೆ ಎಂದು ಕೇಳಿದರು. ತೋರಿಸಿದೆ. ಅತ್ತ ಕಡೆಯೇ ನೋಡುತ್ತಾ ಕಣ್ಣು ತುಂಬಿಕೊಂಡರು, ಆಮೇಲೆ ನಕ್ಕರು. "ಎಷ್ಟು ದೊಡ್ಡದು ಅಂದ್ಕೊಂಡಿದ್ದೆ ಕಣೇ ವಿಮಲಾ ಆ ಮನೆ. ಇಲ್ಲಿಂದ ಕಾಣೋದೇ ಇಲ್ಲ!" ನಾನು ಗಡಿಯಾರ ನೋಡಿ, ಮಧ್ಯಾಹ್ನದ ಮೇಲೆ ಗಿರಿಯಿಂದ ಇಳಿಯುವ ಕಾರುಗಳೆಲ್ಲ ಬೇಲೂರಿಗೆ ಬರುತ್ತವೆ, ಅದಕ್ಕೆ ಮೊದಲೇ ದಾಟಿಬಿಡೋಣ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಕೂತೆ.

ಹಾಗಾಗಿ ಬೇಲೂರಿನಲ್ಲಿ ಸಿಕ್ಕಿಹಾಕಿಕೊಂಡೆವು. ನಾಲ್ಕು ಗಂಟೆ, ಮುಂದೆ ಹಿಂದೆ ಬರೀ ಕಾರು, ಆಮೆಗಿಂತ ನಿಧಾನ. ಪಕ್ಕದ ಕಾರಿನ ಹಿಂದಿನ ಸೀಟಿನಲ್ಲಿ ಅತ್ತಿಗೆಯ ವಯಸ್ಸಿನ ಒಬ್ಬರು ಒಡೆಯದ ತೆಂಗಿನಕಾಯಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅತ್ತಿಗೆ ಗಾಜು ಇಳಿಸಿದರು.

"ದರ್ಶನ ಆಯ್ತಾ?"

"ಎಲ್ಲಿ ತಾಯಿ, ಬುಡದಿಂದಲೇ ವಾಪಸ್ ಬಂದ್ವಿ."

"ಹಾಗಾದ್ರೆ ಮುಂದಿನ ಸೋಮವಾರ ಬಿಕ್ಕೋಡಿಗೆ ಬನ್ನಿ..." ಎಂದು ಅತ್ತಿಗೆ ಶುರು ಮಾಡಿದರು.

ನಾನು ಹಿಂದಕ್ಕೆ ತಿರುಗಿದೆ. "ಅತ್ತಿಗೆ, ಎಲ್ಲರಿಗೂ ಹೇಳ್ಬೇಡಿ. ಆಮೇಲೆ ಅಲ್ಲೂ ಹೀಗೇ ಸಾಲು ನಿಲ್ಲುತ್ತೆ" ಎಂದು ಪಿಸುಗುಟ್ಟಿದೆ.

"ನಿಲ್ಲಲಿ ಬಿಡು. ಪ್ರತಿ ಮನೇಲೂ ಬೆಟ್ಟ ನೋಡದೆ ಉಳಿದವಳು ಒಬ್ಬಳು ಇದ್ದೇ ಇರ್ತಾಳೆ" ಎಂದು ಮತ್ತೆ ಆ ಕಡೆ ತಿರುಗಿ, ಮಂಜಣ್ಣನ ಹೆಸರು, ಹಲಸಿನ ಮರ, ಮೆಟ್ಟಿಲು, ಎಲ್ಲವನ್ನೂ ಬಿಡಿಸಿ ಹೇಳತೊಡಗಿದರು. ಮುಂದಿನ ಸಾಲು ಕದಲಿತು. ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೆದರು. ಅತ್ತಿಗೆಯ ಮಾತು ಮುಗಿಯುವವರೆಗೂ ನಾನು ಕಾರು ಕದಲಿಸಲಿಲ್ಲ.